ಶಾಲೆಗಳಿಗೆ ಇಮೇಲ್ ಕಳಿಸಿ ಮಾಲು ಮಾರುವುದು: ಶಿವಮೊಗ್ಗ ಜಿಲ್ಲೆಯ ಲೆಕ್ಕ

ಪ್ರಯೋಗಾಲಯದ ಸಾಮಾನು, ಆಟದ ಸಾಮಾನು, ಬೆಂಚು–ಡೆಸ್ಕು, ಗ್ರಂಥಾಲಯದ ಪುಸ್ತಕ, ಹಾಜರಾತಿಯ ಸಾಫ್ಟ್‌ವೇರ್, ಹೀಗೆ ಶಾಲೆಗೆ ಏನೇ ಮಾರುವವರಿರಲಿ, ಒಂದು ಮಾತು ಮೊದಲೇ ಗೊತ್ತಿರಬೇಕು. ನಿಮ್ಮ ಮೇಲ್ ಓದಿದವರು ಅಲ್ಲೇ ಕೂತು ಆರ್ಡರ್ ಕೊಡುವುದಿಲ್ಲ. ಮುಖ್ಯಶಿಕ್ಷಕರು ಅದನ್ನು ಪ್ರಿಂಟ್ ತೆಗೆಸಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೋ ಆಡಳಿತ ಮಂಡಳಿಯ ಮುಂದೋ ಇಡುತ್ತಾರೆ. ಸಾಮಾನ್ಯವಾಗಿ ಇನ್ನೆರಡು ಕೊಟೇಶನ್ ಜೊತೆ ಅದು ಫೈಲಿಗೆ ಸೇರುತ್ತದೆ. ಹಾಗಾಗಿ ಫೈಲಿಗೆ ಸೇರುವಂಥ ಕಾಗದವನ್ನೇ ಬರೆಯಬೇಕು. ಬಣ್ಣದ ಪೋಸ್ಟರ್ ಫೈಲಿಗೆ ಸೇರುವುದಿಲ್ಲ.

ಮೊದಲು ದುಡ್ಡು ಯಾರ ಕೈಲಿದೆ ನೋಡಿ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಶಿಕಾರಿಪುರ, ಸೊರಬ ಎಂಬ ಏಳು ತಾಲ್ಲೂಕಿನ ಶಾಲೆಗಳನ್ನೂ ಒಂದೇ ಪಟ್ಟಿಗೆ ಸುರಿದು ಒಂದೇ ಮೇಲ್ ಕಳಿಸುವುದು ಎಲ್ಲರೂ ಮಾಡುವ ಎಡವಟ್ಟು. ಸರ್ಕಾರಿ, ಅನುದಾನಿತ, ಅನುದಾನರಹಿತ ಎಂದು ಮೂರು ಹಾಳೆ ಮಾಡಿ. ಮೂರು ಕಡೆಯೂ ತೀರ್ಮಾನ ಮಾಡುವವರು ಬೇರೆ, ದುಡ್ಡು ಬರುವ ದಾರಿ ಬೇರೆ.

ಸರ್ಕಾರಿ ಶಾಲೆಯ ಕೈಗೆ ಬರುವ ಹಣದ ಮಿತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನದ ನಿಯಮದ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000. ಅದರಲ್ಲೇ ಶೇಕಡ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ವಿದ್ಯುತ್ ಬಿಲ್, ಸಣ್ಣಪುಟ್ಟ ರಿಪೇರಿ ಎಲ್ಲವೂ ಅದರಲ್ಲೇ. ಕ್ರೀಡಾ ಸಾಮಗ್ರಿಗೆ ಬೇರೆ ಮಿತಿ ಇದೆ: ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳಲ್ಲಿ ಹತ್ತು ಹದಿನೈದು ಮಕ್ಕಳ ಶಾಲೆಗಳೇ ಬೇಕಾದಷ್ಟಿವೆ. ಅಂಥ ಶಾಲೆಗೆ ಒಂದೂವರೆ ಲಕ್ಷದ ಸ್ಮಾರ್ಟ್ ಬೋರ್ಡಿನ ದರಪಟ್ಟಿ ಕಳಿಸಿದರೆ ಅವರು ಉತ್ತರಿಸುವುದಿಲ್ಲ, ಮುಂದಿನ ಮೇಲನ್ನು ತೆರೆಯುವುದೂ ಇಲ್ಲ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರವೇ ಕೊಡುವುದರಿಂದ ಅವುಗಳ ಮೇಲ್ ಸರ್ಕಾರಿ ಹಾಳೆಗೆ ಬೇಡವೇ ಬೇಡ.

ಅನುದಾನಿತ ಶಾಲೆಯಲ್ಲಿ ಸರ್ಕಾರದ ಹಣ ಮುಖ್ಯವಾಗಿ ಸಂಬಳಕ್ಕೆ ಬರುತ್ತದೆ. ಸಾಮಾನು ಕೊಳ್ಳುವುದು ಆಡಳಿತ ಮಂಡಳಿ. ಮೇಲ್ ಮುಖ್ಯಶಿಕ್ಷಕರಿಗೆ ಹೋಗಲಿ, ಆದರೆ ಒಕ್ಕಣೆ ಕಾರ್ಯದರ್ಶಿಗಳು ಓದುವಂತಿರಲಿ. ಅನುದಾನರಹಿತ ಶಾಲೆಯಲ್ಲಿ ತೀರ್ಮಾನ ಬೇಗ, ಚೌಕಾಸಿಯೂ ಜಾಸ್ತಿ.

ಪಟ್ಟಿ ಕಟ್ಟುವ ಕೆಲಸ

‘ಕರ್ನಾಟಕದ ಎಲ್ಲಾ ಶಾಲೆಗಳ ಇಮೇಲ್’ ಎಂದು ಮಾರುವ ಪಟ್ಟಿಗಳನ್ನು ಕೊಳ್ಳಬೇಡಿ. ಅದರಲ್ಲಿ ಸತ್ತ ವಿಳಾಸಗಳೇ ಹೆಚ್ಚು, ಮೊದಲ ದಿನವೇ ನಿಮ್ಮ ಡೊಮೈನಿಗೆ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಭಾಗಕ್ಕೆ) ಕೆಟ್ಟ ಹೆಸರು ಬರುತ್ತದೆ. ಸ್ವಂತ ಪಟ್ಟಿ ನಿಧಾನವಾಗಿ ಬೆಳೆಯುತ್ತದೆ, ಆದರೆ ಅದೇ ಬಾಳುವುದು.

ಪ್ರತಿ ಶಾಲೆಗೂ ಸರ್ಕಾರ ಕೊಟ್ಟ 11 ಅಂಕಿಯ ಗುರುತಿನ ಸಂಖ್ಯೆ ಇದೆ, ಅದೇ ಯುಡೈಸ್ ಸಂಖ್ಯೆ. ಕರ್ನಾಟಕದ್ದು 29ರಿಂದ ಶುರು. ಹಾಳೆಯ ಮೊದಲ ಕಾಲಂ ಅದೇ ಇರಲಿ. ಒಂದೇ ಹೆಸರಿನ ಊರುಗಳು ಒಂದೇ ತಾಲ್ಲೂಕಿನಲ್ಲಿ ಎರಡೆರಡು ಸಿಗಬಹುದು. ಹೆಸರು ನಂಬಿ ಕೂತರೆ ಒಬ್ಬರ ಕೊಟೇಶನ್ ಇನ್ನೊಬ್ಬರಿಗೆ ಹೋಗುತ್ತದೆ. ಎಕ್ಸೆಲ್‌ನಲ್ಲಿ ಈ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಮೊದಲೇ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಸಂಖ್ಯೆ ಚಿಕ್ಕದಾಗಿ ಬೇರೆ ರೂಪಕ್ಕೆ ತಿರುಗಿ ಕೂರುತ್ತದೆ. ಉಳಿದ ಕಾಲಂಗಳು: ಶಾಲೆಯ ಹೆಸರು, ತಾಲ್ಲೂಕು, ಬಗೆ, ಮಾಧ್ಯಮ, ಮಕ್ಕಳ ಸಂಖ್ಯೆ, ಇಮೇಲ್, ವಿಳಾಸ ಯಾರಿಂದ ಸಿಕ್ಕಿತು, ಯಾವ ದಿನ ಖಾತ್ರಿಯಾಯಿತು, ಕೊನೆಗೆ ‘ಬೇಡ ಎಂದವರು’.

ವಿಳಾಸ ಸಿಗುವುದು ಶಾಲೆಯ ಜಾಲತಾಣದಲ್ಲಿ, ಶಾಲೆಯ ಲೆಟರ್‌ಹೆಡ್ಡಿನಲ್ಲಿ, ಇಲ್ಲವೇ ನೇರ ಫೋನಿನಲ್ಲಿ. ಫೋನ್ ಮಾಡಿ ಕೇಳುವುದೇ ಎಲ್ಲಕ್ಕಿಂತ ಒಳ್ಳೆಯದು. ‘ಸರ್, ದರಪಟ್ಟಿ ಕಳಿಸ್ತೀವಿ, ಯಾವ ಮೇಲ್‌ಗೆ ಕಳಿಸೋದು?’ ಎಂದರೆ ಸಾಕು. ಕೊಟ್ಟರೆ ವಿಳಾಸವೂ ಸಿಕ್ಕಿತು, ಒಪ್ಪಿಗೆಯೂ ಸಿಕ್ಕಿತು. ಈ ಒಪ್ಪಿಗೆ ಬರೀ ಸೌಜನ್ಯದ ಮಾತಲ್ಲ. ಹಳ್ಳಿ ಶಾಲೆಯ ಇಮೇಲ್ ಎಷ್ಟೋ ಸಲ ಮುಖ್ಯಶಿಕ್ಷಕರ ಸ್ವಂತ ಜಿಮೇಲ್ ಆಗಿರುತ್ತದೆ, ಅಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಅದು ವೈಯಕ್ತಿಕ ಮಾಹಿತಿ. ಯಾರು, ಯಾವ ದಿನ, ಯಾತಕ್ಕೆ ಕೊಟ್ಟರು ಎಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಬ್ಬರಿಗೆ ಕೊಟ್ಟ ವಿಳಾಸವನ್ನು ಪಕ್ಕದ ಅಂಗಡಿಯವರಿಗೆ ದಾಟಿಸಬೇಡಿ.

ಪಟ್ಟಿ ಹಾಳಾಗುವುದು ಮೂರು ಕಾರಣಕ್ಕೆ. ವರ್ಗಾವಣೆಯಾದಾಗ ಪಾಸ್‌ವರ್ಡ್ ಹಳೇ ಎಚ್ಚೆಮ್ಮರ (ಮುಖ್ಯಶಿಕ್ಷಕರ) ಜೊತೆಯೇ ಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ಸ್ವಂತ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುತ್ತಿದೆ. ಇನ್ನು ಕೆಲವು ಕಡೆ ಪೇಟೆಯ ಸೈಬರ್ ಅಂಗಡಿಯವರು ತಮ್ಮದೇ ಒಂದು ಮೇಲ್ ವಿಳಾಸವನ್ನು ನಾಲ್ಕಾರು ಶಾಲೆಯ ಅರ್ಜಿಗೆ ತುಂಬಿರುತ್ತಾರೆ. ಇಮೇಲ್ ಕಾಲಂನಲ್ಲಿ ಒಂದೇ ವಿಳಾಸ ಎರಡು ಸಲ ಬಂದಿದ್ದರೆ ಎರಡಕ್ಕೂ ಫೋನ್ ಮಾಡಿ.

ಕಳಿಸುವ ಡೊಮೈನ್

ಉಚಿತ ಜಿಮೇಲ್‌ನಿಂದ ದಿನಕ್ಕೆ 500 ಜನಕ್ಕೆ, ಹಣ ಕೊಟ್ಟು ಪಡೆಯುವ ಗೂಗಲ್ ವರ್ಕ್‌ಸ್ಪೇಸ್‌ನಿಂದ 2,000 ಜನಕ್ಕೆ ಕಳಿಸಬಹುದು. ಒಂದು ಜಿಲ್ಲೆಗೆ ಇಷ್ಟು ಧಾರಾಳ ಸಾಕು. ಆದರೂ ಸ್ವಂತ ಡೊಮೈನ್ ತಗೊಳ್ಳಿ. ‘ಇಂದ’ ಎಂಬಲ್ಲಿ ಜಿಮೇಲ್ ವಿಳಾಸ ಹಾಕಿ ಬೇರೊಂದು ಬಲ್ಕ್ ಸೇವೆಯಿಂದ (ರಾಶಿ ಮೇಲ್ ಒಟ್ಟಿಗೆ ಕಳಿಸುವ ಸೇವೆ) ಕಳಿಸಿದರೆ ಅದು ಸೋಗಿನ ಮೇಲ್ ಎನಿಸಿಕೊಂಡು ಸ್ಪ್ಯಾಮಿಗೆ ಬೀಳುತ್ತದೆ.

ಡೊಮೈನಿನ ಸೆಟ್ಟಿಂಗಿನಲ್ಲಿ (ಡಿಎನ್‌ಎಸ್) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲನ್ನೂ ಹಾಕಿಸಿ. ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಎನ್ನುವುದು ಎಸ್‌ಪಿಎಫ್. ದಾರಿಯಲ್ಲಿ ಯಾರೂ ತಿದ್ದಿಲ್ಲ ಎನ್ನುವ ಸಹಿ ಡಿಕಿಮ್. ಇವೆರಡೂ ಕೈಕೊಟ್ಟರೆ ಏನು ಮಾಡಬೇಕೆಂದು ಎದುರಿನ ಸರ್ವರ್‌ಗೆ ಹೇಳುವುದು ಡಿಮಾರ್ಕ್. ತಪ್ಪಾಗುವುದು ಹೆಚ್ಚಾಗಿ ಎಸ್‌ಪಿಎಫ್‌ನಲ್ಲಿ. ಹೊಸ ಬಲ್ಕ್ ಸೇವೆ ಹಿಡಿದಾಗ ಹಳೆಯ ಸಾಲಿನ ಕೆಳಗೆ ಎರಡನೇ ಎಸ್‌ಪಿಎಫ್ ಸಾಲು ಸೇರಿಸುತ್ತಾರೆ. ಒಂದು ಡೊಮೈನಿಗೆ ಒಂದೇ ಸಾಲು ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಹಳೆಯ ಸಾಲಿನೊಳಗೇ ಹೊಸ ಸೇವೆಯ ಹೆಸರು ಸೇರಿಸಿ, ಆ ಸಾಲು ಹುಡುಕುವ ಹೆಸರುಗಳು ಹತ್ತು ಮೀರದಂತೆ ನೋಡಿ. ಡಿಮಾರ್ಕ್ ಮೊದಲಿಗೆ ‘ನನ್’ (none, ಏನೂ ಮಾಡಬೇಡ) ಎಂದಿರಲಿ, ಬರುವ ವರದಿ ಕೆಲವು ವಾರ ನೋಡಿ ಆಮೇಲೆ ಬಿಗಿ ಮಾಡಿ.

ಬಲ್ಕ್ ಮೇಲ್‌ಗೆ ಬೇರೆ ಉಪಡೊಮೈನ್ (ನಿಮ್ಮ ಡೊಮೈನಿನ ಮುಂಚೆ ಇನ್ನೊಂದು ಪದ ಸೇರಿಸಿದ್ದು) ಇದ್ದರೆ ಇನ್ನೂ ಕ್ಷೇಮ. ಪ್ರಚಾರದ ಮೇಲ್‌ಗೆ ಕೆಟ್ಟ ಹೆಸರು ಬಂದರೂ ಬಿಲ್ ಕಳಿಸುವ ವಿಳಾಸಕ್ಕೆ ಅಷ್ಟು ತಾಗುವುದಿಲ್ಲ.

ಹೊಸ ಡೊಮೈನಿನಿಂದ ಮೊದಲ ದಿನವೇ ನಾನೂರು ಮೇಲ್ ಬಿಡಬೇಡಿ. ಮೊದಲ ವಾರ ದಿನಕ್ಕೆ 20–30, ಅದೂ ಪರಿಚಯದ ಶಾಲೆಗಳಿಗೆ; ಎರಡನೇ ವಾರ 50; ಆಮೇಲೆ ನೂರು. ಅದಕ್ಕಿಂತ ಹೆಚ್ಚಿನ ವೇಗ ಒಂದು ಜಿಲ್ಲೆಯ ಪಟ್ಟಿಗೆ ಬೇಕೂ ಇಲ್ಲ. ದಿನಕ್ಕೆ ನೂರು ಹೋದರೆ ಬರುವ ಫೋನಿಗೆ ಉತ್ತರ ಹೇಳಲು ನಿಮಗೂ ಪುರುಸೊತ್ತು ಸಿಗುತ್ತದೆ. ಬಿಸಿಸಿಯಲ್ಲಿ ಇನ್ನೂರು ವಿಳಾಸ ತುಂಬುವ ಅಭ್ಯಾಸ ಬಿಡಿ; ಮೇಲ್ ಮರ್ಜ್ (ಹಾಳೆಯ ಕಾಲಂಗಳನ್ನು ಪತ್ರಕ್ಕೆ ತಂತಾನೆ ತುಂಬುವ ಸೌಲಭ್ಯ) ಬಳಸಿ ಒಂದೊಂದು ಶಾಲೆಗೆ ಒಂದೊಂದು ಮೇಲ್ ಹೋಗಲಿ.

ಕನ್ನಡದಲ್ಲಿ ಕಳಿಸುವಾಗ

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಎದುರಿನವರ ಮೊಬೈಲಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಗೋಜಲು. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಕಣ್ಣಿಟ್ಟು ಓದಿ. ಪರಿವರ್ತನೆಯಲ್ಲಿ ಮೊದಲು ಕೆಡುವುದು ಅವೇ.

ಮೇಲ್ ಮರ್ಜ್‌ನಲ್ಲಿ ಇನ್ನೊಂದು ತೊಡಕು ವಿಭಕ್ತಿಯದ್ದು. ತಾಲ್ಲೂಕಿನ ಕಾಲಂ ಪಕ್ಕ ‘ದ’ ಸೇರಿಸಿದರೆ ಸಾಗರದ, ಸೊರಬದ ಸರಿ ಬರುತ್ತದೆ. ಭದ್ರಾವತಿ, ತೀರ್ಥಹಳ್ಳಿ ಮಾತ್ರ ‘ಭದ್ರಾವತಿದ’, ‘ತೀರ್ಥಹಳ್ಳಿದ’ ಆಗುತ್ತವೆ. ಹೆಸರಿನ ಮುಂದೆ ಜಾಗ ಬಿಟ್ಟು ‘ತಾಲ್ಲೂಕಿನ’ ಎಂದು ಬರೆದರೆ ಏಳಕ್ಕೂ ಹೊಂದುತ್ತದೆ. ಶಾಲೆಯ ಹೆಸರನ್ನು ವಾಕ್ಯದೊಳಗೆ ತರುವ ಬದಲು ಪತ್ರದ ತಲೆಯಲ್ಲಿ ವಿಳಾಸವಾಗಿ ಇಡಿ. ‘ಶಾಲೆಗೆ’, ‘ವಿದ್ಯಾಲಯಕ್ಕೆ’ ಎಂಬ ತಾಪತ್ರಯವೇ ಇರುವುದಿಲ್ಲ. ವ್ಯಕ್ತಿಯ ಹೆಸರು ಹಾಕಬೇಡಿ, ‘ಮುಖ್ಯಶಿಕ್ಷಕರಿಗೆ’ ಎನ್ನಿ. ವರ್ಗವಾಗಿ ಹೋದವರ ಹೆಸರಿಗೆ ಬಂದ ಪತ್ರವನ್ನು ಹೊಸಬರು ಓದುವುದು ಕಷ್ಟ.

ಪತ್ರ ಹೀಗಿರಲಿ, ದರ ಮಾದರಿಗಷ್ಟೇ:

ವಿಷಯ: ಕ್ರೀಡಾ ಸಾಮಗ್ರಿ ದರಪಟ್ಟಿ, ಹೊಸನಗರ ತಾಲ್ಲೂಕು, ಸಾಗಣೆ ಸೇರಿ

ಮಾನ್ಯ ಮುಖ್ಯಶಿಕ್ಷಕರಿಗೆ ನಮಸ್ಕಾರಗಳು.
ಹೊಸನಗರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಗಳಿಗಾಗಿ ವಾಲಿಬಾಲ್ 2, ಥ್ರೋಬಾಲ್ 2, ನೆಟ್ 1, ಸ್ಕಿಪ್ಪಿಂಗ್ ಹಗ್ಗ 10, ಟೆನಿಕಾಯ್ಟ್ ರಿಂಗ್ 6, ಗಾಳಿ ಪಂಪ್ 1 ಇರುವ ಸೆಟ್ ಬೆಲೆ 6,800 ರೂಪಾಯಿ. ಜಿಎಸ್‌ಟಿ ಮತ್ತು ಶಾಲೆಯವರೆಗಿನ ಸಾಗಣೆ ಇದರಲ್ಲೇ ಸೇರಿದೆ. ದರ ಆಗಸ್ಟ್ 31ರವರೆಗೆ. ಸಾಮಗ್ರಿ ತಲುಪಿ ತಾವು ಪರಿಶೀಲಿಸಿದ ಮೇಲೆ ಶಾಲೆಯ ಖಾತೆಯಿಂದ ಹಣ ಪಾವತಿಸಬಹುದು. ಒಂದು ಪುಟದ ಕೊಟೇಶನ್ ಲಗತ್ತಿಸಿದೆ. ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಕೆಳಗಿನ ನಂಬರಿಗೆ ಫೋನ್ ಮಾಡಬಹುದು.
ಇಂಥ ಮೇಲ್ ಬೇಡವಾದರೆ ‘ಬೇಡ’ ಎಂದಷ್ಟೇ ಉತ್ತರಿಸಿ.

ವಿಷಯದ ಸಾಲಿನಲ್ಲಿ ಮೊಬೈಲಿಗೆ ಕಾಣುವುದು ಮೊದಲ ಮೂರ್ನಾಲ್ಕು ಪದ, ಆದ್ದರಿಂದ ಸಾಮಾನಿನ ಹೆಸರು ಮೊದಲು ಬರಲಿ. ‘ಅತಿ ಜರೂರು’, ‘ಸುತ್ತೋಲೆ’, ‘ಇಲಾಖೆಯ ಆದೇಶದಂತೆ’ ಎಂದೆಲ್ಲ ಬರೆಯುವವರಿದ್ದಾರೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯದೆಂದು ಗಾಬರಿಯಿಂದ ತೆರೆದ ಎಚ್ಚೆಮ್ಮು ಒಳಗೆ ಫುಟ್‌ಬಾಲ್ ಚಿತ್ರ ಕಂಡರೆ ಸ್ಪ್ಯಾಮ್ ಗುಂಡಿ ಒತ್ತದೆ ಬಿಡುವುದಿಲ್ಲ, ಒತ್ತಲೂ ಬೇಕು.

ಲಗತ್ತಿಸುವ ಪಿಡಿಎಫ್ ಎ4 ಅಳತೆಯ ಒಂದೇ ಪುಟ, ಕಪ್ಪು–ಬಿಳುಪು, 300 ಕೆಬಿ ಒಳಗೆ. ಕೋರಲ್‌ಡ್ರಾದಿಂದ ನೇರ ತೆಗೆದ ಪಿಡಿಎಫ್ ಹತ್ತು ಎಂಬಿ ಆಗಿರುತ್ತದೆ. ಹೊಸನಗರ ತಾಲ್ಲೂಕಿನ ನಗರ, ಯಡೂರು ಎಂಬ ಊರುಗಳ ಕಡೆಯ ನೆಟ್‌ವರ್ಕಿನಲ್ಲಿ ಅದು ತಿರುಗುತ್ತಲೇ ಇರುತ್ತದೆ. ಆ ಪುಟದಲ್ಲಿ ಕೊಟೇಶನ್ ಸಂಖ್ಯೆ, ದಿನಾಂಕ, ಜಿಎಸ್‌ಟಿ ಸಂಖ್ಯೆ, ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸಾಮಾನಿನ ಬಗೆ ತಿಳಿಸುವ ಸಂಖ್ಯೆ), ಬಿಡಿ ದರ, ತೆರಿಗೆ, ಒಟ್ಟು, ದರದ ಗಡುವು, ಬ್ಯಾಂಕ್ ಖಾತೆ ಮತ್ತು ಐಎಫ್‌ಎಸ್‌ಸಿ, ಸಹಿ, ಮೊಹರು ಇಷ್ಟೂ ಇರಬೇಕು. ಸಮಗ್ರ ಶಿಕ್ಷಣದ ಹಣ ಪಿಎಫ್‌ಎಂಎಸ್ (ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆ) ಮೂಲಕ ನೇರ ನಿಮ್ಮ ಖಾತೆಗೆ ಬರುವಂಥದ್ದು. ಖಾತೆಯ ಹೆಸರೂ ಬಿಲ್ಲಿನ ಹೆಸರೂ ಬೇರೆ ಇದ್ದರೆ ಪಾವತಿ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳ ಫೋಟೊ, ಸರ್ಕಾರದ ಲಾಂಛನ ಎರಡನ್ನೂ ಹಾಕಬೇಡಿ.

ಯಾವಾಗ ಕಳಿಸಬೇಕು

ಕ್ರೀಡಾಕೂಟಗಳು ಹೋಬಳಿ ಮಟ್ಟದಿಂದ ಮೇಲೇರುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಅಂದರೆ ಆಟದ ಸಾಮಾನಿನ ಮೇಲ್ ಜುಲೈನಲ್ಲೇ ಹೋಗಬೇಕು. ಆದರೆ ಜುಲೈ ಮಲೆನಾಡಿಗೆ ಮಳೆಯ ತಿಂಗಳು. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ರಜೆ ಘೋಷಣೆಯಾದ ದಿನ ಕಳಿಸಿದ ಮೇಲ್, ಶಾಲೆ ತೆರೆದಾಗ ಇಲಾಖೆಯ ರಾಶಿ ಮೇಲ್‌ಗಳ ಅಡಿಯಲ್ಲಿ ಸಿಕ್ಕಿರುತ್ತದೆ. ಆ ಮೂರು ತಾಲ್ಲೂಕನ್ನು ತಡೆಹಿಡಿದು ಭದ್ರಾವತಿ, ಶಿಕಾರಿಪುರಕ್ಕೆ ಮೊದಲು ಬಿಡಿ. ವಾರ್ಷಿಕೋತ್ಸವದ ಬಹುಮಾನ, ವೇಷಭೂಷಣಕ್ಕೆ ನವೆಂಬರ್. ಖಾಸಗಿ ಶಾಲೆಗಳ ನೋಟ್‌ಬುಕ್, ಪೀಠೋಪಕರಣಕ್ಕೆ ಜನವರಿ–ಫೆಬ್ರವರಿ. ಸಿಬಿಎಸ್‌ಇ ಶಾಲೆಗಳಿಗೆ ಏಪ್ರಿಲ್‌ನಲ್ಲೇ ಹೊಸ ವರ್ಷ ಶುರುವಾಗುವುದರಿಂದ ಅವರಿಗೆ ಡಿಸೆಂಬರ್ ಕೊನೆಗೇ ತಲುಪಬೇಕು. ಸರ್ಕಾರಿ ಶಾಲೆಗೆ ಫೆಬ್ರವರಿ ಒಳ್ಳೆಯದು, ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕಿರುತ್ತದೆ. ಮಾರ್ಚ್ ನಡುವೆ ಪ್ರೌಢಶಾಲೆಗೆ ಮಾತ್ರ ಕಳಿಸಬೇಡಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊತ್ತಲ್ಲಿ ಯಾರೂ ನೋಡುವುದಿಲ್ಲ.

ದಿನದ ಹೊತ್ತು ಮಧ್ಯಾಹ್ನ ಮೂರೂವರೆಯ ಮೇಲೆ. ಬೆಳಿಗ್ಗೆ ಹಾಜರಾತಿ, ಆಮೇಲೆ ಬಿಸಿಯೂಟದ ಲೆಕ್ಕ. ಶನಿವಾರ ಬೆಳಗಿನ ಶಾಲೆ, ಅಂದು ಬೇಡ.

ಕಳಿಸಿದ ಮೇಲೆ

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಬೇಡಿ. ಚಿತ್ರಗಳನ್ನು ಮೇಲ್ ಸೇವೆಗಳೇ ತಂತಾನೆ ಇಳಿಸಿಕೊಳ್ಳುವುದರಿಂದ ಅದು ಏರುಪೇರಾಗುತ್ತದೆ. ನೋಡಬೇಕಾದ್ದು ವಾಪಸ್ ಬಂದ ಮೇಲ್ ಮತ್ತು ಬಂದ ಫೋನ್. 5.1.1 ಎಂದು ವಾಪಸ್ಸಾದರೆ ಅಂಥ ವಿಳಾಸವೇ ಇಲ್ಲ, ಅದೇ ದಿನ ತೆಗೆಯಿರಿ. 5.2.2 ಎಂದರೆ ಪೆಟ್ಟಿಗೆ ತುಂಬಿದೆ. ವಾಟ್ಸ್ಯಾಪ್ ಬ್ಯಾಕಪ್ಪೂ ಸೇರಿ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗ ಮುಗಿದಿರುತ್ತದೆ, ಶಾಲೆಗೆ ಫೋನ್ ಮಾಡಿ ಹೇಳಿದರೆ ಅವರಿಗೂ ಉಪಕಾರ. 4ರಿಂದ ಶುರುವಾಗುವ ಸಂಖ್ಯೆ ತಾತ್ಕಾಲಿಕ, ವೇಗ ಇಳಿಸಿ. ವಾಪಸ್ಸಾಗುವುದು ನೂರಕ್ಕೆ ಎರಡು ಮೀರಿದರೆ ಕಳಿಸುವುದನ್ನು ನಿಲ್ಲಿಸಿ ಪಟ್ಟಿ ಸರಿ ಮಾಡಿ. ಸ್ಪ್ಯಾಮ್ ದೂರು ಸಾವಿರಕ್ಕೆ ಒಂದರ ಕೆಳಗಿರಬೇಕು. ಸಾವಿರಕ್ಕೆ ಮೂರು ಮುಟ್ಟಬಾರದೆಂದು ಗೂಗಲ್ ಹೇಳುತ್ತದೆ. ದಿನಕ್ಕೆ 5,000 ಮೇಲ್ ಮೀರಿದವರಿಗೆ ಒಂದೇ ಒತ್ತಿಗೆ ಹೊರಬರುವ ಸೌಲಭ್ಯವನ್ನು 2024ರಿಂದ ಕಡ್ಡಾಯ ಮಾಡಿದ್ದಾರೆ. ನಿಮ್ಮದು ನೂರೇ ಇದ್ದರೂ ಇಟ್ಟುಕೊಳ್ಳಿ, ಹೊರಬರುವ ದಾರಿ ಕಾಣದವರು ಸ್ಪ್ಯಾಮ್ ಎಂದೇ ಒತ್ತುತ್ತಾರೆ. ‘ಬೇಡ’ ಎಂದವರನ್ನು ಎರಡು ದಿನದೊಳಗೆ ತೆಗೆಯಿರಿ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ, ಆಮೇಲೆ ಮುಂದಿನ ಹಂಗಾಮಿನವರೆಗೆ ಸುಮ್ಮನಿರಿ. ಮೇಲ್‌ಗೆ ಮೇಲ್‌ನಲ್ಲೇ ಉತ್ತರ ಬರುವುದು ಅಪರೂಪ. ಫೋನ್ ಬರುತ್ತದೆ, ಇಲ್ಲವೇ ಪ್ರಿಂಟ್ ಹಿಡಿದು ಬಿಇಒ ಕಚೇರಿಯ ಸಭೆ ಮುಗಿಸಿಕೊಂಡು ಅಂಗಡಿಗೇ ಬರುತ್ತಾರೆ. ಅಂಗಡಿಯಲ್ಲಿ ಕೂತ ಹುಡುಗನಿಗೆ ಆ ಕೊಟೇಶನ್ ಸಂಖ್ಯೆ ನೋಡಿ ದರ ಹೇಳಲು ಬರಬೇಕು. ಬಲ್ಕ್ ಎಸ್ಸೆಮ್ಮೆಸ್ಸಿಗೆ ಮನಸ್ಸು ಹೋದರೆ, ಅದಕ್ಕೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಬೇಕು ಎಂಬುದು ನೆನಪಿರಲಿ.

ಸಾಗಣೆಯನ್ನು ದರದಲ್ಲಿ ಸೇರಿಸಿದ್ದೇವೆ ಎಂದು ಬರೆದ ಮೇಲೆ ಶರಾವತಿ ಹಿನ್ನೀರಿನಾಚೆಯ ತುಮರಿಯ ಆರ್ಡರ್‌ಗೆ ಗೊಣಗುವಂತಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ಕೆಲಸ ತಪ್ಪಿದೆ. ಬಸ್ಸಿಗೆ ಹಾಕುವುದಾದರೆ ಪೆಟ್ಟಿಗೆಗೆ ಒಳಗೊಂದು ಹೊರಗೊಂದು ಪ್ಲಾಸ್ಟಿಕ್ ಸುತ್ತಿ, ಮೇಲೆ ಶಾಲೆಯ ಹೆಸರಿನ ಜೊತೆ ಇಳಿಸಬೇಕಾದ ಸ್ಟಾಪಿನ ಹೆಸರು ದಪ್ಪಗೆ ಬರೆಯಿರಿ, ಬಿಲ್ಲನ್ನು ಪೆಟ್ಟಿಗೆಯೊಳಗೆ ಹಾಕದೆ ಅದೇ ದಿನ ಮೇಲ್‌ನಲ್ಲಿ ಕಳಿಸಿ.