ಪುಸ್ತಕಕ್ಕೆ ಅರಿಶಿನ ಹಚ್ಚುವುದನ್ನು ಬಿಟ್ಟ ಮೇಲೆ

ಫಸ್ಟ್ ಪಿಯುಸಿಯ ನನ್ನ ಬಯಾಲಜಿ ಪುಸ್ತಕ ನೋಡಿ ಆಯಿ ಕೇಳಿದ್ದಳು, "ಎಂತದೇ ಇದು, ಪುಸ್ತಕಕ್ಕೆ ಅರಿಶಿನ ಹಚ್ಚಿದ್ಯ?" ಸುಳ್ಳೇನಲ್ಲ. ಶಿರಸಿ ಪೇಟೆಯಲ್ಲಿ ಹೈಲೈಟರ್ ಕೊಂಡ ಖುಷಿಗೆ ಸಿಕ್ಕ ಸಾಲಿಗೆಲ್ಲ ಹಳದಿ ಬಳಿದಿದ್ದೆ.

ಟೆಸ್ಟಿನಲ್ಲಿ ಮೂತ್ರಪಿಂಡದ ಪ್ರಶ್ನೆ ಬಂತು. ಉತ್ತರ ಎಡಗಡೆ ಪುಟದಲ್ಲಿತ್ತು, ಚಿತ್ರದ ಕೆಳಗೆ, ಹಳದಿ ಸಾಲು. ಇಷ್ಟೂ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಆ ಸಾಲಲ್ಲಿ ಏನಿತ್ತು ಅನ್ನೋದು ಮಾತ್ರ ಬರಲಿಲ್ಲ.

ಅದೇ ಮಳೆಗಾಲದಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗ ಬ್ಯಾಗು ಪೂರ್ತಿ ತೊಯ್ದಿತು. ನಮ್ಮ ಕಡೆಯ ಜುಲೈ ಮಳೆಗೆ ಕೊಡೆ ಸುಮ್ನೆ ಹೆಸರಿಗೆ. ಪುಸ್ತಕವನ್ನು ಬಚ್ಚಲ ಒಲೆಯ ಹತ್ತಿರ ಇಟ್ಟು ಒಣಗಿಸಿದೆವು. ಹಳದಿ ಪಕ್ಕದ ಪುಟಕ್ಕೂ ಹರಡಿತ್ತು, ಜೆಲ್ ಪೆನ್ನಿನ ಬರಹ ನೀಲಿ ಕಲೆಯಾಗಿತ್ತು. ಪೆನ್ಸಿಲ್ಲಿನಲ್ಲಿ ಗೀಚಿದ್ದು ಹಾಗೇ ಉಳಿದಿತ್ತು. ಅವತ್ತಿನಿಂದ ನನ್ನದು ಪೆನ್ಸಿಲ್ಲೇ.

ಪೆನ್ಸಿಲ್ ಹಿಡಿದ ಮಾತ್ರಕ್ಕೆ ತಲೆಗೆ ಹತ್ತುವುದಿಲ್ಲ, ಅಲ್ವಾ? ಬದಲಾಗಿದ್ದು ಓದುವ ಕ್ರಮ. ಮೊದಲ ಸಲ ಓದುವಾಗ ಪೆನ್ಸಿಲ್ ಕಿವಿಯ ಮೇಲೇ ಇರುತ್ತದೆ. ಆಗ ಎಲ್ಲವೂ ಮುಖ್ಯ ಅನ್ನಿಸುವುದರಿಂದ ಗೆರೆ ಎಳೆಯುವ ಹಾಗಿಲ್ಲ. ಎರಡನೇ ಸಲ, ಒಂದೊಂದು ಪ್ಯಾರಾ ಮುಗಿದ ಮೇಲೆ, ಅದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಅಂಚಿನಲ್ಲಿ ಬರೆಯುತ್ತಿದ್ದೆ. ಪುಸ್ತಕ ಇಂಗ್ಲಿಷಿನದು, ನನ್ನ ಪ್ರಶ್ನೆ ಕನ್ನಡದ್ದು.

ಆ ಮೂತ್ರಪಿಂಡದ ಪಾಠವನ್ನೇ ನೋಡಿ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುತ್ತದೆ, ಮೂತ್ರವಾಗಿ ಹೊರಗೆ ಹೋಗುವುದು 1.5 ಲೀಟರ್ ಅಷ್ಟೇ ಎಂದು ಅಲ್ಲಿದೆ. ಮೊದಲು ಎರಡೂ ಅಂಕಿಗೆ ಬಣ್ಣ ಹಚ್ಚಿ ಪುಟ ತಿರುಗಿಸಿದ್ದೆ. ಈ ಸಲ ಅಂಚಲ್ಲಿ ಬರೆದೆ: "ಉಳಿದ 178 ಚಿಲ್ಲರೆ ಲೀಟರ್ ಎಲ್ಲಿ ಹೋಯ್ತು?" ಉತ್ತರ ಹುಡುಕುತ್ತಾ ಹೋದರೆ ಪಾಠದ ಅರ್ಧ ಅಲ್ಲೇ ಬಿಚ್ಚಿಕೊಂಡಿತು. ನೆಫ್ರಾನ್ ಅಂದರೆ ಮೂತ್ರಪಿಂಡದೊಳಗೆ ರಕ್ತ ಸೋಸುವ ಪುಟ್ಟ ಘಟಕ. ಅದರ ನಾಳಗಳು ಸೋಸಿದ ದ್ರವದಲ್ಲಿ ಶೇಕಡಾ 99ರಷ್ಟನ್ನು ವಾಪಸ್ ಹೀರಿಕೊಳ್ಳುತ್ತವೆ. ಯಾವ ಭಾಗ ಏನನ್ನು ಹೀರುತ್ತದೆ ಅನ್ನುವುದೇ ಮುಂದಿನ ಪ್ಯಾರಾಗಳು. ಗೆರೆ ಬಿದ್ದದ್ದು ಉತ್ತರದ ಮೂರು ನಾಲ್ಕು ಪದಗಳಿಗೆ ಮಾತ್ರ.

ಮಾರನೇ ದಿನ ಪಠ್ಯದ ಮೇಲೆ ಹಳೆ ಕ್ಯಾಲೆಂಡರಿನ ಹಾಳೆ ಮುಚ್ಚಿ, ಅಂಚಿನ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದೆ. ತಪ್ಪಿದ್ದಕ್ಕೆ ಒಂದು ಚುಕ್ಕೆ. ವಾರ ಬಿಟ್ಟು ಚುಕ್ಕೆ ಇದ್ದದ್ದನ್ನಷ್ಟೇ ಮತ್ತೆ. ನಿಜವಾಗಿ ಕೆಲಸ ಮಾಡಿದ್ದು ಇದು. ಗೆರೆ ಎಳೆಯುವುದರಿಂದ ಸಿಗುವ ಲಾಭ ಕಡಿಮೆ, ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದರಿಂದ ಜಾಸ್ತಿ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್ಲೋಸ್ಕಿ ಮತ್ತು ಜೊತೆಗಾರರು 2013ರಲ್ಲೇ ಬರೆದಿದ್ದರಂತೆ. ನನಗೆ ಗೊತ್ತಾಗಿದ್ದು ಡಿಗ್ರಿಗೆ ಬಂದ ಮೇಲೆ.

ಅರ್ಥವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಅರ್ಥವಾದ ಮೇಲೆ ಅದರ ಮೇಲೊಂದು ಅಡ್ಡಗೆರೆ. ರಬ್ಬರಿನಿಂದ ಉಜ್ಜಲು ಹೋಗಬೇಡಿ, ಮಳೆಗಾಲದಲ್ಲಿ ಥಂಡಿ ಹಿಡಿದ ಕಾಗದ ಎದ್ದು ಬರುತ್ತದೆ. ಲೈಬ್ರರಿ ಪುಸ್ತಕವಾದರೆ ಕ್ಯಾಲೆಂಡರ್ ಹಾಳೆಯನ್ನೇ ಉದ್ದುದ್ದ ಕತ್ತರಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಪ್ರಶ್ನೆ ಬರೆದು ಪುಟದ ಮಧ್ಯೆ ಇಟ್ಟರಾಯಿತು. ಗಣಿತಕ್ಕೆ ಇದ್ಯಾವುದೂ ನಡೆಯಲಿಲ್ಲ. ಅಲ್ಲಿ ಲೆಕ್ಕ ಮಾಡುವುದೊಂದೇ ದಾರಿ.

ಆ ಪುಸ್ತಕ ಈಗ ಚಿಕ್ಕಪ್ಪನ ಮಗಳ ಹತ್ತಿರ ಇದೆ. ಮೊನ್ನೆ ಹಬ್ಬಕ್ಕೆ ಹೋದಾಗ ತೆಗೆದು ನೋಡಿದೆ. ನನ್ನ 178 ಲೀಟರಿನ ಪ್ರಶ್ನೆಯ ಪಕ್ಕ ಅವಳದ್ದೂ ಎರಡು ಚುಕ್ಕೆ ಬಿದ್ದಿದ್ದವು.