ರೀಫ್ ಟ್ಯಾಂಕಿನ ಫಾಸ್ಫೇಟ್: ಸರಿಯಾಗಿ ಅಳೆಯಿರಿ, ನಿಧಾನವಾಗಿ ಇಳಿಸಿ

ಹವಳ ಸಾಕುವ ಸಮುದ್ರನೀರಿನ ರೀಫ್ ಟ್ಯಾಂಕಿನಲ್ಲಿ ಫಾಸ್ಫೇಟನ್ನು (ರಂಜಕದ ಲವಣ) ಸೊನ್ನೆಗೆ ತರಲು ಹೋಗಬೇಡಿ. ಹವಳಕ್ಕೂ ಅದರೊಳಗೆ ಬದುಕುವ ಪಾಚಿಗೂ ರಂಜಕ ಬೇಕೇ ಬೇಕು. ಬಗೆಬಗೆಯ ಹವಳಗಳಿರುವ ಟ್ಯಾಂಕಿಗೆ 0.03ರಿಂದ 0.10 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಒಳ್ಳೆಯ ಮಟ್ಟ. ವಾರಗಟ್ಟಲೆ ಸೊನ್ನೆಯಲ್ಲೇ ನಿಂತರೆ ಹವಳ ಬಿಳಿಚಿಕೊಳ್ಳುತ್ತದೆ, ಮರಳಿನ ಮೇಲೆ ಕಂದು ಲೋಳೆಯಂಥ ಡೈನೋಫ್ಲಾಜೆಲೇಟ್ ಹಬ್ಬಬಹುದು. ಅದನ್ನು ಓಡಿಸುವುದು ಹಸಿರು ಪಾಚಿ ಕೀಳುವುದಕ್ಕಿಂತ ಎಷ್ಟೋ ಕಷ್ಟ.

ಇಷ್ಟು ಕಡಿಮೆ ಮಟ್ಟ ಅಳೆಯಲು ಬಣ್ಣದ ಕಾರ್ಡಿನ ಕಿಟ್ ಸಾಲದು. ತಿಳಿನೀಲಿಯ ಛಾಯೆಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹ್ಯಾನ್ನಾ ಅಲ್ಟ್ರಾ ಲೋ ರೇಂಜ್ ಚೆಕರ್‌ನಂಥ ಡಿಜಿಟಲ್ ಮೀಟರ್ ಇಟ್ಟುಕೊಳ್ಳಿ. ಅದರ ಎಚ್‌ಐ736 ಮಾದರಿ ತೋರಿಸುವುದು ಫಾಸ್ಫೇಟ್ ಅಲ್ಲ, ರಂಜಕ, ಅದೂ ಪಿಪಿಬಿಯಲ್ಲಿ (ನೂರು ಕೋಟಿಯಲ್ಲಿ ಒಂದು ಪಾಲು). ಬಂದ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿ. 20 ಪಿಪಿಬಿ ಎಂದರೆ ಸುಮಾರು 0.06 ಪಿಪಿಎಂ ಫಾಸ್ಫೇಟ್.

ತಪ್ಪು ಅಂಕಿ ಬರುವುದು ಹೆಚ್ಚಾಗಿ, ನೀರು ತುಂಬಿ ಮೀಟರಿನಲ್ಲಿಡುವ ಗಾಜಿನ ಸೀಸೆಯಾದ ಕುವೆಟ್‌ನಿಂದ. ಟ್ಯಾಂಕಿನ ನೀರಿನಲ್ಲೇ ಎರಡು ಸಲ ತೊಳೆದು, 10 ಮಿಲೀ ತುಂಬಿ, ಹೊರಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಒಂದು ಬೆರಳಚ್ಚು ಉಳಿದರೂ ಬೆಳಕು ತಡೆದು ಅಂಕಿ ಏರುತ್ತದೆ. ಮೊದಲು ಸೊನ್ನೆ ಹೊಂದಿಸಿ, ಆಮೇಲೆ ಅದೇ ಕುವೆಟ್‌ಗೆ ಪರೀಕ್ಷೆಯ ಪೊಟ್ಟಣದ ಪುಡಿ ಪೂರ್ತಿ ಉದುರಿಸಿ. ಪೊಟ್ಟಣದ ಮೂಲೆಯಲ್ಲಿ ಸಿಕ್ಕಿಕೊಂಡದ್ದನ್ನೂ ತಟ್ಟಿ ಬೀಳಿಸಿ. 2 ನಿಮಿಷ ಮೆಲ್ಲಗೆ ಅಲುಗಾಡಿಸಿ. ಜೋರಾಗಿ ಕುಲುಕಿದರೆ ಗಾಜಿಗೆ ಗುಳ್ಳೆ ಅಂಟಿ ಲೆಕ್ಕ ಕೆಡುತ್ತದೆ. ಕುವೆಟ್ಟನ್ನು ಸೊನ್ನೆ ಹೊಂದಿಸಿದ ದಿಕ್ಕಿನಲ್ಲೇ ಕೂರಿಸಿ, ಗುಂಡಿ ಒತ್ತಿ ಹಿಡಿದು 3 ನಿಮಿಷದ ಟೈಮರ್ ಓಡಿಸಿ. ಮೀಟರಿಗೇ 5 ಪಿಪಿಬಿಯಷ್ಟು ಹೆಚ್ಚುಕಡಿಮೆ ಇರುವುದರಿಂದ ಒಂದು ದಿನದ ಅಂಕಿ ನೋಡಿ ಏನೂ ಮಾಡಬೇಡಿ. ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ ಅಳೆದು ಬರೆದಿಡಿ.

ಕೂದಲು ಪಾಚಿ ದಟ್ಟವಾಗಿದ್ದೂ ಮೀಟರ್ ಸೊನ್ನೆ ತೋರಿಸಿದರೆ, ಬಂದ ಫಾಸ್ಫೇಟನ್ನೆಲ್ಲ ಪಾಚಿಯೇ ಹೀರುತ್ತಿದೆ ಎಂದು ತಿಳಿಯಿರಿ. ಆಗ ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕುವುದೇ ಮೊದಲ ಕೆಲಸ.

ಫಾಸ್ಫೇಟ್‌ನ ದೊಡ್ಡ ಮೂಲ ಆಹಾರ. ಒಣ ಆಹಾರದಲ್ಲಿ ಸುಮಾರು ಶೇ 1 ರಂಜಕ ಇರುತ್ತದೆ. 1 ಗ್ರಾಂ ಹಾಕಿದರೆ 10 ಮಿಗ್ರಾಂ ರಂಜಕ, ಅಂದರೆ 30 ಮಿಗ್ರಾಂ ಫಾಸ್ಫೇಟ್; 300 ಲೀಟರ್ ನೀರಿನಲ್ಲಿ ಅದು 0.10 ಪಿಪಿಎಂ. ಎಲ್ಲವೂ ನೀರಲ್ಲೇ ಉಳಿಯುವುದಿಲ್ಲ ನಿಜ, ಆದರೆ ತೆಗೆಯುವ ದಾರಿ ಇಲ್ಲದಿದ್ದರೆ ದಿನದಿನವೂ ಕೂಡುತ್ತಾ ಹೋಗುತ್ತದೆ. ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ತೊಟ್ಟಿ) ಬೆಳೆಸಿ ಕತ್ತರಿಸುವ ಕೀಟೋಮಾರ್ಫಾ ಪಾಚಿ ಆ ದಾರಿಗಳು. ಆರ್‌ಒ ಡಿಐ (ಲವಣಗಳನ್ನೆಲ್ಲ ಸೋಸಿ ತೆಗೆದ) ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 0 ಇದೆಯೇ ಎಂದೂ ನೋಡಿ.

20% ನೀರು ಬದಲಿಸಿದರೆ 0.30 ಪಿಪಿಎಂ 0.24ಕ್ಕೆ ಬರಬೇಕು. ಎರಡು ದಿನದಲ್ಲಿ ಮತ್ತೆ ಏರಿದರೆ ಮೀಟರ್ ಕೆಟ್ಟಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಬಂಡೆ ಫಾಸ್ಫೇಟನ್ನು ಮೈಗೆ ಹಿಡಿದಿಟ್ಟುಕೊಂಡು, ನೀರಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹಳೆಯ ಬಂಡೆ ಖಾಲಿಯಾಗಲು ತಿಂಗಳುಗಳೇ ಹಿಡಿಯಬಹುದು.

ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಕಾಳು) ಹಾಕುವುದಾದರೆ 100 ಲೀಟರಿಗೆ 20 ಗ್ರಾಂನಿಂದ ಶುರುಮಾಡಿ. ಕೆಂಪು ಪುಡಿ ಹೋಗುವವರೆಗೆ ಆರ್‌ಒ ನೀರಲ್ಲಿ ತೊಳೆದು, ರಿಯಾಕ್ಟರಿನಲ್ಲಿ (ಕಾಳು ತುಂಬಿ ನೀರು ಹಾಯಿಸುವ ಕೊಳವೆ) ಮೇಲ್ಪದರ ಮಾತ್ರ ಸಣ್ಣಗೆ ಹೊರಳಾಡುವಂತೆ ಹರಿವು ಹೊಂದಿಸಿ. ಜಾಸ್ತಿ ಬಿಟ್ಟರೆ ಕಾಳುಗಳು ಉಜ್ಜಿ ಪುಡಿಯಾಗುತ್ತವೆ. ಮೊದಲ ವಾರ ಆಲ್ಕಲಿನಿಟಿಯನ್ನೂ (ನೀರಿನ ಆಮ್ಲ ತಡೆಯುವ ಶಕ್ತಿ) ಅಳೆಯಿರಿ, ಅದೂ ಕುಸಿಯಬಹುದು. ಏಕಾಏಕಿ ಇಳಿಸಿದರೆ ಅಕ್ರೊಪೊರಾ ಹವಳ ಬುಡದಿಂದ ಚರ್ಮ ಕಳಚುತ್ತದೆ, ವಾರಕ್ಕೆ 0.05 ಪಿಪಿಎಂ ಇಳಿದರೆ ಸಾಕು.

ಫಾಸ್ಫೇಟನ್ನು ಬಿಳಿ ಕೆಸರಾಗಿಸುವ ಲ್ಯಾಂಥನಂ ಕ್ಲೋರೈಡ್ ದ್ರಾವಣ, ಫಾಸ್ಫೇಟ್ ತುಂಬಾ ಏರಿರುವ ದೊಡ್ಡ ಟ್ಯಾಂಕುಗಳಿಗೆ ಮಾತ್ರ. ಆರ್‌ಒ ನೀರಲ್ಲಿ ತೆಳುಮಾಡಿ, 5 ಮೈಕ್ರಾನ್ ಫಿಲ್ಟರ್ ಸಾಕ್‌ನೊಳಗೆ ಗಂಟೆಗಟ್ಟಲೆ ಹನಿಹನಿಯಾಗಿ ಬಿಡಿ. ಬಿಳಿ ಕೆಸರು ತಪ್ಪಿಸಿಕೊಂಡು ಟ್ಯಾಂಕ್ ಸೇರಿದರೆ ಟ್ಯಾಂಗ್ ಮೀನುಗಳು ಏದುಸಿರು ಬಿಡುತ್ತವೆ, ತಕ್ಷಣ ನಿಲ್ಲಿಸಿ.

ಜಿಎಫ್‌ಒ ಯಾವಾಗ ಬದಲಿಸಬೇಕೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಡಿ. ರಿಯಾಕ್ಟರಿನಿಂದ ಹೊರಬರುವ ನೀರನ್ನೂ ಟ್ಯಾಂಕಿನ ನೀರನ್ನೂ ಬೇರೆಬೇರೆ ಅಳೆಯಿರಿ. ಎರಡೂ ಒಂದೇ ಬಂದರೆ ಅದರ ಕೆಲಸ ಮುಗಿದಿದೆ. ಹೊಸದು ತುಂಬುವಾಗಲೂ ಅರ್ಧ ಪ್ರಮಾಣದಿಂದಲೇ ಶುರುಮಾಡಿ.