ಅಜ್ಜನ ದೀಕ್ಷಾಸ್ನಾನದ ದಾಖಲೆ ಹುಡುಕೋದು ಹೇಗೆ?

ನಮ್ಮಜ್ಜ ತುಮಕೂರಿನ ಕಡೆಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನವರು. ಅವರ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆ ಬೇಕಾಗಿತ್ತು. 'ಸಿಎಸ್‌ಐ ಅಂದ್ರೆ ಇಂಗ್ಲಿಷರ ಚರ್ಚು ತಾನೆ' ಅಂತ ಬೆಂಗಳೂರಿನ ಒಂದು ದೊಡ್ಡ ಆಂಗ್ಲಿಕನ್ ಚರ್ಚಿಗೆ ಹೋಗಿ ಸುಮ್ನೆ ಅರ್ಧ ದಿನ ಕಳೆದೆ. ತಪ್ಪು ನನ್ನದೇ.

ಮೊದಲು ಮನೆಯ ಹಿರಿಯರನ್ನು ಕೇಳಿ: ಅಜ್ಜ ಯಾವ ಮಿಶನ್ನಿನವರು? 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಮೆಥೋಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಒಂದಾಗಿ ಸಿಎಸ್‌ಐ ಆಯಿತು. ಅದಕ್ಕಿಂತ ಹಿಂದಿನ ದೀಕ್ಷಾಸ್ನಾನದ ಪುಸ್ತಕ ಆಯಾ ಮಿಶನ್ನಿನ ಸಭೆಯದ್ದು, ಅಂದ್ರೆ ಊರಿನ ಚರ್ಚಿನದ್ದು. ತುಮಕೂರು, ಗುಬ್ಬಿ ವೆಸ್ಲಿಯನ್ (ಇಂಗ್ಲೆಂಡಿನ ಮೆಥೋಡಿಸ್ಟರ) ಮಿಶನ್ನಿನ ಸೀಮೆ. ಮಂಗಳೂರಾದರೆ 1834ರಿಂದ ಬಾಸೆಲ್ ಮಿಶನ್. ಬೆಂಗಳೂರಿನ ಸೇಂಟ್ ಮಾರ್ಕ್ಸ್‌ನಂಥ ಆಂಗ್ಲಿಕನ್ ಚರ್ಚುಗಳು ಮದ್ರಾಸ್ ಬಿಷಪ್ಪರ ಕೈಕೆಳಗಿದ್ದವು. ಅಲ್ಲಿನ ನಮೂದುಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೋಲಾರ, ಬೀದರ್ ಕಡೆಯ ಮೆಥೋಡಿಸ್ಟರಾದರೆ ಹುಷಾರು! ಅವರಲ್ಲಿ ಜಾಸ್ತಿ ಜನ ಅಮೆರಿಕನ್ ಮಿಶನ್ನಿನವರು, ಸಿಎಸ್‌ಐಗೆ ಸೇರಲೇ ಇಲ್ಲ.

ಆಮೇಲೆ ಈಗಿನ ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಯಾವುದು ನೋಡಿ. ಮೊದಲಿದ್ದ ಮೈಸೂರು ಡಯಾಸಿಸ್ 1970ರಲ್ಲಿ ಮೂರಾಯಿತು. ಬೆಂಗಳೂರಲ್ಲಿ ಸೆಂಟ್ರಲ್, ಧಾರವಾಡದಲ್ಲಿ ನಾರ್ದರ್ನ್, ಮಂಗಳೂರಲ್ಲಿ ಸದರ್ನ್. ತಮಾಷೆ ಅಂದ್ರೆ ಮೈಸೂರು ಊರು ಈಗ ಮಂಗಳೂರಿನ ಡಯಾಸಿಸ್‌ಗೆ ಸೇರಿದೆ! ನಮ್ಮ ತುಮಕೂರು ಸೆಂಟ್ರಲ್‌ಗೆ ಬಂತು.

ಆದರೆ ಬಿಷಪ್ಪರ ಆಫೀಸಿಗೆ ನೇರವಾಗಿ ಓಡಬೇಡಿ. ರಿಜಿಸ್ಟರ್ ಇರೋದು ಸಾಮಾನ್ಯವಾಗಿ ಆಯಾ ಸಭೆಯಲ್ಲೇ, ಅಯ್ಯನವರ (ಪಾದ್ರಿಗಳ) ಬೀರುವಿನಲ್ಲಿ. ಮೊದಲೇ ಫೋನ್ ಮಾಡಿ, ವಾರದ ದಿನ ಹೋಗಿ. ಭಾನುವಾರ ಆರಾಧನೆ ಮುಗಿದ ಮೇಲೆ ಅವರಿಗೆ ಉಸಿರಾಡೋಕೂ ಬಿಡುವಿರಲ್ಲ. ಅಲ್ಲಿ ಸಿಗದಿದ್ದರೆ ಮಾತ್ರ ಡಯಾಸಿಸ್ ಆಫೀಸಿಗೆ ಅರ್ಜಿ ಬರೆಯಿರಿ.

ಹೆಸರೊಂದನ್ನೇ ನೆಚ್ಚಿ ಹುಡುಕಬೇಡಿ. ಮನೇಲಿ ಎಲ್ಲರೂ ಅಜ್ಜನನ್ನು ಚಿಕ್ಕಣ್ಣ ಅಂತಿದ್ದರು, ಪುಸ್ತಕದಲ್ಲಿ ಅವರು ಯೋಹಾನ. ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಇಂಗ್ಲಿಷ್ ಕೂಡಕ್ಷರ. ತಂದೆಯ ಹೆಸರು, ಊರು ನೋಡಿಯೇ ಗುರುತು ಹಿಡಿದೆ. ಪಕ್ಕದ ಕಾಲಂನಲ್ಲಿ ಮುತ್ತಜ್ಜನ ಕಸುಬು 'ನೇಕಾರ' ಅಂತಿತ್ತು. ನಾವು ಬೇಸಾಯದವರು ಅಂದುಕೊಂಡಿದ್ವಿ!

ಕೇಳಿಕೊಂಡು ಪುಟದ ಫೋಟೋ ತೆಗೆಯಿರಿ. ಸರ್ಟಿಫಿಕೇಟ್ ಬೇಕಿದ್ದರೆ ಅಯ್ಯನವರ ಸಹಿ, ಸಭೆಯ ಸೀಲು ಎರಡೂ ಬಿದ್ದಿದೆಯಾ ಅಂತ ಅಲ್ಲೇ ನೋಡಿಕೊಳ್ಳಿ. ಸೀಲಿಗಾಗಿಯೇ ನಾನು ಎರಡನೇ ಸಲ ಬಸ್ಸು ಹತ್ತಬೇಕಾಯಿತು.